ನಿಂತವರನ್ನು ದಾಟಬಾರದು

ಹಳಿಯಾಳ
ತಾ. 14-6-1963

ಚಿರಂಜೀವಿ ಕಾಶೆವ್ವಳಿಗೆ,

ನಿನ್ನ ದೊಡ್ಡಪ್ಪ ನಾಗಲಿಂಗಪ್ಪನ ಆಶೀರ್ವಾದ. ಇಲ್ಲಿ ಮಳೆ ಹಿಡಿದಿದೆ. ಗ್ಯಾರೇಜಿನ ತಗಡು ಎರಡು ಕಡೆ ಸೋರುತ್ತಿದೆ. ನಿನ್ನ ದೊಡ್ಡವ್ವ ಮಹಾದೇವಕ್ಕ ಒಂದು ಸೋರಿಗೆ ಕೊಡ ಇಟ್ಟಿದ್ದಾಳೆ, ಇನ್ನೊಂದರ ಕೆಳಗೆ ನಾನೇ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನ ಅಕ್ಷರ ಓದಲು ಬರದಿದ್ದರೆ ಅದು ನಿನ್ನದೇ ತಪ್ಪು. ನಿನ್ನ ಅಪ್ಪ ತೀರಿಕೊಂಡು ನೀನು ನಮ್ಮ ಮನೆಗೆ ಬಂದ ವರ್ಷ, ಬಿನ್ನತ್ತೆಗೆ, ಶಾಲೆಯ ಮೊದಲ ವರ್ಗಕ್ಕೆ, ನೀನು ಒಯ್ಯುತ್ತಿದ್ದ ಪಾಟಿಯ ಮೇಲೇ ನಾನೂ ತಿದ್ದಿದವನು. ಮೀಸೆ ನರೆತ ಮೇಲೆ ಕಲಿತ ಅಕ್ಷರಕ್ಕೆ ಇನ್ನೆಷ್ಟು ಅಂದ ಬಂದೀತು.

ಬರೆಯಲು ಕೂತ ಮಾತು ಬೇರೆ. ನಿನ್ನೆ ಠಾಕಪ್ಪ ಬಂದಿದ್ದ. ಈ ದೀಪಾವಳಿಗಾದರೂ ನಮ್ಮ ಫಟಫಟಿ ಗಾಡಿಗಳ ಓಟ ಆಗಲಿ ಎಂದ. ಪಾಡ್ಯದ ಮರುದಿನ ಹಳಿಯಾಳ ಬಿಟ್ಟು, ದಾಂಡೇಲಿ ದಾಟಿ, ಜೋಯಿಡಾ ಮುಟ್ಟಿ ಮರಳುವ ಓಟ. ಇದ್ದದ್ದೇ ನಾವು ನಾಲ್ಕು ಮಂದಿ. ಮುಂದೆ ನಿನ್ನ ಗಂಡ ಶೇಖಪ್ಪ, ಅವನ ಬೆನ್ನಿಗೇ ಹಿಟ್ಟಿನ ಗಿರಣಿಯ ಚನಬಸಪ್ಪ, ಆಮೇಲೆ ಠಾಕಪ್ಪ, ಕಡೆಗೆ ಪಾನಾ-ಪಕ್ಕಡಗಳ ಚೀಲ ಹೊತ್ತ ನಾನು. ನಿಯಮವೂ ಒಂದೇ, ನಿನಗೆ ಗೊತ್ತಿದ್ದದ್ದೇ, ಆದರೂ ಬರೆಯುವುದು ಮುದುಕರ ಚಟ: ದಾರಿಯಲ್ಲಿ ಒಬ್ಬನ ಗಾಡಿ ನಿಂತಿದ್ದರೆ ಹಿಂದಿನವನು ದಾಟಬಾರದು, ತಾನೂ ನಿಲ್ಲಬೇಕು. ನಿಂತವನು ಬಾಯಿಬಿಟ್ಟು ‘ಹೋಗು’ ಎಂದ ಮೇಲೆಯೇ ಮುಂದಿನ ಮಾತು.

ಕಡೆಯ ಓಟದಲ್ಲಿ ಶೇಖಪ್ಪ ಜೋಯಿಡಾದ ಏರಿನಲ್ಲಿ ಜ್ವರದಿಂದ ನಡುಗುತ್ತ ನಿಂತ. ಚನಬಸಪ್ಪ ಅವನನ್ನು ಧೋತರದಿಂದ ತನ್ನ ಬೆನ್ನಿಗೆ ಕಟ್ಟಿಕೊಂಡು ಊರು ಮುಟ್ಟಿಸಿದ. ಹುಬ್ಬಳ್ಳಿಯ ದವಾಖಾನೆಗೆ ಹೋದವನು ಮರಳಿ ಬರಲಿಲ್ಲ. ಆ ವರ್ಷ ಯಾರೂ ಗೆಲ್ಲಲಿಲ್ಲ, ಹೋದ ವರ್ಷ ಓಟದ ಹೆಸರನ್ನೇ ಯಾರೂ ತೆಗೆಯಲಿಲ್ಲ. ಈಗ ಠಾಕಪ್ಪ ತೆಗೆದ, ನಾನೂ ಹೂಂ ಎಂದೆ. ಚನಬಸಪ್ಪನನ್ನು ಕೇಳಿದರೆ ತಲೆ ಎತ್ತದೆ ಹೇಳಿದ:

“ಶೇಖಪ್ಪ ನನಗ ಹೋಗು ಅಂದಿಲ್ರೀ ಕಾಕಾ. ನಾ ಇನ್ನೂ ಅಲ್ಲೇ ನಿಂತೇನಿ.”

ಮೂವತ್ತು ದಾಟಿದರೂ ಮದುವೆಯಾಗದ ಹುಡುಗ, ಗಿರಣಿಯೇ ಸಂಸಾರ ಎಂದುಕೊಂಡವನು. ಗಿರಣಿಗೆ ಬಿಡುವಿರುವ ಅಮಾವಾಸ್ಯೆಯ ದಿನ ನಿಮ್ಮ ಚಿಗಳ್ಳಿಗೆ ಬಂದು ಶೇಖಪ್ಪನ ಗಾಡಿಯನ್ನು ಒರೆಸಿ ಚಾಲೂ ಮಾಡಿ ಹೋಗುತ್ತಾನಂತೆ, ತುಕ್ಕು ಹಿಡಿಯಬಾರದೆಂದು. ಅಂಥ ಸ್ನೇಹ ಈಗ ಎಲ್ಲಿದೆ. ತಪ್ಪದೆ ಬರುತ್ತಾನೋ ಹೇಗೆ, ತಿಳಿಸು. ನಿನ್ನ ಅತ್ತೆ, ಬೀಗತಿ ಗುರುಸಿದ್ದವ್ವನಿಗೆ ನನ್ನ ಶರಣಾರ್ಥಿ ಹೇಳು.

ನಿನ್ನ ದೊಡ್ಡಪ್ಪ,
ನಾಗಲಿಂಗಪ್ಪ

*

ಚಿಗಳ್ಳಿ
ತಾ. 2-7-1963

ತೀರ್ಥರೂಪ ದೊಡ್ಡಪ್ಪನವರಿಗೆ ಕಾಶೆವ್ವ ಮಾಡುವ ಶರಣಾರ್ಥಿ.

ನಿಮ್ಮ ಕಾಗದ ಮುಟ್ಟಿತು. ಚನಬಸಪ್ಪನವರು ತಪ್ಪದೆ ಬರುತ್ತಾರೆ. ಗಾಡಿ ಒರೆಸುತ್ತಾರೆ, ಚಾಲೂ ಮಾಡುತ್ತಾರೆ, ಕೋಳಿಗಳೆಲ್ಲ ಬೇಲಿ ಹಾರುತ್ತವೆ, ಅತ್ತೆಯವರು ಚಹಾ ಕುಡಿದು ಹೋಗೆನ್ನುತ್ತಾರೆ, ಕುಡಿದು ಹೋಗುತ್ತಾರೆ. ಮಾತು ಕಡಿಮೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಹಳ್ಳ ತುಂಬಿ ಹರಿಯುತ್ತಿತ್ತು. ಈ ಸಲ ಬರಲಾರರು ಎಂದುಕೊಂಡಿದ್ದೆವು. ತಮ್ಮ ಗಾಡಿಯನ್ನು ಮುಂಡಗೋಡದಲ್ಲೇ ಬಿಟ್ಟು ನಡೆದು ಬಂದರು. ಬಿಳಿ ಅಂಗಿ ಹಾಕಿಕೊಂಡಿದ್ದರು. ಎಣ್ಣೆಯ ಕೆಲಸಕ್ಕೆ ಬಿಳಿ ಅಂಗಿ ಯಾಕೆ ಎಂದು ಅತ್ತೆ ನಕ್ಕರು.

ಭಾವ ಯಲ್ಲಪ್ಪನವರು ಕೊಟ್ಟಿಗೆಯಲ್ಲಿ ಗಾಡಿಗೆ ಹೊಟ್ಟಿನ ಚೀಲ ಒರಗಿಸಿದ್ದರು, ನಾನು ತೆಗೆಸಿದ್ದೇನೆ. ಮತ್ತೇನೂ ವಿಶೇಷವಿಲ್ಲ. ದೊಡ್ಡವ್ವನಿಗೆ ಶರಣಾರ್ಥಿ.

ನಿಮ್ಮ ಮಗಳು,
ಕಾಶೆವ್ವ

*

ಹಳಿಯಾಳ
ತಾ. 12-8-1963

ಚಿರಂಜೀವಿ ಕಾಶೆವ್ವಳಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಕಾಗದ ಅಷ್ಟು ಚಿಕ್ಕದೇಕೆ ಎಂದು ಆಗ ತಿಳಿಯಲಿಲ್ಲ, ಈಗ ತಿಳಿಯಿತು. ಮುಂಡಗೋಡದ ಸಂತೆಗೆ ಹೋಗಿ ಬಂದ ಒಬ್ಬ ಕಾಳಿನ ದಲಾಲಿ ನನ್ನ ಗ್ಯಾರೇಜಿನಲ್ಲೇ ಕೂತು, ನಾನು ಯಾರೆಂದು ಅರಿಯದೆ, ಚಿಗಳ್ಳಿಯಲ್ಲಿ ಒಂದು ಮನೆಗೆ ಅಮಾವಾಸ್ಯೆಗೊಮ್ಮೆ ಒಬ್ಬ ಬರುತ್ತಾನೆ, ಆ ಮನೆಯಲ್ಲಿ ವಯಸ್ಸಿನ ವಿಧವೆ ಇದ್ದಾಳೆ ಎಂದು ಹೇಳಿ ನಕ್ಕ. ಅವನ ಗಾಡಿಯ ಪಂಕ್ಚರ್ ಅರ್ಧಕ್ಕೇ ಬಿಟ್ಟು ಎದ್ದೆ. ಆಮೇಲೆ ಪಾಪ ಎಂದು ಮುಗಿಸಿಕೊಟ್ಟೆ.

ನಿನಗೆ ಇದು ಸಂಕಟವಾಗಿರಬೇಕು, ಹೇಳಿಕೊಳ್ಳಲು ಬಾಯಿ ಬಂದಿಲ್ಲ. ಬಿಳಿ ಅಂಗಿಗೆ ಅತ್ತೆ ನಕ್ಕರೆಂದು ಬರೆದೆಯಲ್ಲ, ಆ ನಗೆಯ ಅರ್ಥ ನನಗೆ ಆಗಲೇ ಹೊಳೆಯಬೇಕಿತ್ತು. ಹಿರಿಯರು ಹಾಗೆಯೇ ನಗುತ್ತಲೇ ಎಚ್ಚರಿಸುವುದು. ನಿನ್ನೆ ಚನಬಸಪ್ಪನನ್ನು ಕರೆದು, ಇನ್ನು ಮುಂದೆ ಆ ಕಡೆ ಹೋಗಬೇಡಪ್ಪ, ನಿನ್ನ ಮನಸ್ಸು ಸಾಫ್ ಇದೆ, ಊರಿನದು ಇಲ್ಲ ಎಂದೆ. ಶೇಖಪ್ಪನ ಗಾಡಿಯ ಕಾರ್ಬೊರೇಟರಿಗೆಂದು ತಂದಿಟ್ಟಿದ್ದ ಹೊಸ ವಾಷರನ್ನು ನನ್ನ ಮೇಜಿನ ಮೇಲಿಟ್ಟು ಹೋದ.

ಗಣಪತಿ ಹಬ್ಬ ಮುಗಿದ ಮೇಲೆ ಲಾರಿ ಕಳಿಸಿ ಗಾಡಿಯನ್ನು ಇಲ್ಲಿಗೆ ತರಿಸುತ್ತೇನೆ, ನಿನ್ನ ಕಣ್ಣೆದುರು ಇರುವುದೂ ಬೇಡ. ಇನ್ನೊಂದು ಮಾತು. ಕಲಘಟಗಿಯಲ್ಲಿ ಅರಿವೆ ಅಂಗಡಿಯವರೊಬ್ಬರು, ಹೆಂಡತಿ ತೀರಿಕೊಂಡಿದ್ದಾಳೆ, ಸಂಭಾವಿತರು. ಉಡಕಿ ನಮ್ಮಲ್ಲಿ ಇಲ್ಲದ ಪದ್ಧತಿಯಲ್ಲ. ಮನೆಯ ಹಿರಿಯರ ಮುಂದೆ ಹೊಸ ಸೀರೆ ಉಡಿಸಿ ಎರಡನೆಯ ಸಂಸಾರ ಕಟ್ಟಿಕೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ. ನಿನ್ನ ಅಪ್ಪ ಇದ್ದಿದ್ದರೆ ಅವನೂ ಇದನ್ನೇ ಕೇಳುತ್ತಿದ್ದ. ಯೋಚಿಸಿ ಬರೆ.

ನಿನ್ನ ದೊಡ್ಡಪ್ಪ,
ನಾಗಲಿಂಗಪ್ಪ

*

ಚಿಗಳ್ಳಿ
ತಾ. 28-11-1963

ತೀರ್ಥರೂಪ ದೊಡ್ಡಪ್ಪನವರಿಗೆ ಶರಣಾರ್ಥಿ.

ಉತ್ತರ ತಡವಾಯಿತು. ಭತ್ತದ ಕೊಯ್ಲು ಇತ್ತು. ಗಣಪತಿ ಮುಗಿದ ಮೇಲೆ ನೀವು ಕಳಿಸಿದ ಲಾರಿಯನ್ನು ಬರಿದೇ ಹಿಂದಕ್ಕೆ ಕಳಿಸಿದ್ದಕ್ಕೆ ಸಿಟ್ಟಾಗಬೇಡಿರಿ. ಗಾಡಿಯನ್ನು ಕೊಡುವುದಿಲ್ಲ. ಕಲಘಟಗಿಯವರು ಸಂಭಾವಿತರೇ ಇರಬಹುದು, ಅವರಿಗೆ ಬೇರೆ ಕಡೆ ಒಳ್ಳೆಯವಳು ಸಿಗಲಿ.

ಅಮಾವಾಸ್ಯೆಗಳು ಬಂದು ಹೋದವು. ಗಾಡಿಯ ಮೇಲೆ ಧೂಳು ಕೂತಿತು, ಇಲಿ ಸೀಟಿನ ಚರ್ಮ ಕಡಿಯಿತು. ಒಂದು ಮಧ್ಯಾಹ್ನ ಮನೆಯಲ್ಲಿ ಗಂಡಸರಿಲ್ಲದಾಗ ನಾನೇ ಕಿಕ್ ಒದೆದೆ. ಅದು ತಿರುಗಿ ನನ್ನ ಮೊಳಕಾಲಿಗೇ ಒದೆಯಿತು. ಅತ್ತೆ ಅರಿಷಿಣ ಹಚ್ಚುತ್ತ ನನ್ನ ಮುಖ ನೋಡಿದರು.

ಒದೆಯುವ ಮೊದಲು ಏನು ಮಾಡಬೇಕು ಎಂಬುದನ್ನು ಬರೆದು ತಿಳಿಸಿರಿ. ಗಿರಣಿ ಹೇಗೆ ನಡೆದಿದೆ?

ನಿಮ್ಮ ಮಗಳು,
ಕಾಶೆವ್ವ

*

ಹಳಿಯಾಳ
ತಾ. 17-12-1963

ಚಿರಂಜೀವಿ ಕಾಶೆವ್ವಳಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ನಿನ್ನ ದೊಡ್ಡವ್ವ ಅತ್ತಳು. ಗಂಡನ ನೆನಪನ್ನು ಹೀಗೆ ಹಿಡಿದುಕೊಂಡವಳ ಮುಂದೆ ಅರಿವೆ ಅಂಗಡಿಯವರ ಮಾತು ಎತ್ತಿದೆನಲ್ಲ. ಇನ್ನು ಎತ್ತುವುದಿಲ್ಲ. ಗಾಡಿ ನಿನ್ನ ಹತ್ತಿರವೇ ಇರಲಿ, ನಿನ್ನ ಉಸಿರಿರುವವರೆಗೆ.

ಕಿಕ್ ಒದೆಯುವ ವಿಷಯ. ಹ್ಯಾಂಡಲಿನ ಎಡಗಡೆ ಚಿಕ್ಕ ಕಡ್ಡಿ ಇದೆ, ಕಿಡಿಯನ್ನು ಹಿಂದೆ ಮುಂದೆ ಮಾಡುವುದು. ಅದನ್ನು ಹಿಂದಕ್ಕೆ ಸರಿಸದೆ ಒದೆದರೆ ಯಾರ ಕಾಲನ್ನೂ ಬಿಡದು. ಬೆಳಗಾವಿಯ ಲಷ್ಕರಿ ಹರಾಜಿನಿಂದ ತಂದ ದಿನ ಶೇಖಪ್ಪನಿಗೂ ಒದೆದಿತ್ತು. ಸರಿಸು, ಮೆಲ್ಲಗೆ ಒಮ್ಮೆ ಒತ್ತಿ ಬಿಗಿ ಬಂದಲ್ಲಿ ನಿಲ್ಲಿಸು, ಆಮೇಲೆ ಮೈಭಾರ ಹಾಕಿ ಒದೆ. ಸೀರೆಯ ನೆರಿಗೆ ಜೋಕೆ.

ಗಿರಣಿಯ ವಿಷಯ ಕೇಳಿದೆ. ಹಿಟ್ಟು ರವೆಯಂತೆ ದಪ್ಪ ಬರುತ್ತಿದೆ, ಊರೆಲ್ಲ ಬೈಯುತ್ತಿದೆ. ಚನಬಸಪ್ಪನ ಲಕ್ಷ್ಯ ಕಲ್ಲಿನ ಮೇಲಿಲ್ಲ. ಸೊರಗಿದ್ದಾನೆ. ಅವನ ಹಿಟ್ಟಿನ ರೊಟ್ಟಿ ತಟ್ಟಿದರೆ ಸೀಳುತ್ತದೆ, ತಟ್ಟದಿದ್ದರೆ ಹಂಚಿನ ಮೇಲೆ ಏಳುವುದಿಲ್ಲ ಎಂದು ಠಾಕಪ್ಪ ಗಿರಣಿಯ ಬಾಗಿಲಲ್ಲೇ ನಿಂತು ಹೇಳಿದ. ಚನಬಸಪ್ಪ ನಗಲೂ ಇಲ್ಲ.

ದೀಪಾವಳಿಗೆ ಓಟ ಆಗಲಿಲ್ಲ. ಆದರೆ ಒಂದು ಸಂತೋಷದ ಸುದ್ದಿ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಹೊರುವ ಲಾರಿಯವರು ಈಗ ಆ ಅಡವಿಯ ರಸ್ತೆಯಲ್ಲಿ ಯಾರದೇ ಗಾಡಿ ನಿಂತರೂ ಕೇಳದೆ ದಾಟುವುದಿಲ್ಲ. ಹೋದ ವಾರ ನನ್ನ ಗಾಡಿ ಕೆಟ್ಟು ನಿಂತಾಗ ನಾಲ್ಕು ಲಾರಿ ಒಂದರ ಹಿಂದೊಂದು ನಿಂತವು. ನಾನು ಹೋಗಿರಪ್ಪ ಎಂದರೂ ಒಬ್ಬ ಡ್ರೈವರ ನನಗೇ ನಿಯಮ ತಿಳಿಸಲು ಬಂದ, ಹಳಿಯಾಳದ ಫಟಫಟಿಯವರು ಮಾಡಿಟ್ಟ ನಿಯಮವಂತೆ ಅಜ್ಜಾ ಎಂದು. ಸುಮ್ಮನೆ ಕೇಳಿಸಿಕೊಂಡೆ. ಶೇಖಪ್ಪ ಇದನ್ನು ನೋಡಬೇಕಿತ್ತು.

ನಿನ್ನ ದೊಡ್ಡಪ್ಪ,
ನಾಗಲಿಂಗಪ್ಪ

*

ಚಿಗಳ್ಳಿ
ತಾ. 16-1-1964

ಬೀಗರಿಗೆ ಗುರುಸಿದ್ದವ್ವನ ಶರಣಾರ್ಥಿ.

ನನಗ ಅಕ್ಷರ ಬರೂದಿಲ್ಲ. ನಿಮ್ಮ ಮಗಳ ಕೈಯಿಂದನ ಬರಸಾಕತ್ತೇನಿ. ನಾ ಹೇಳಿದ್ದು ಹೇಳಿದಂಗ ಬರೀಬೇಕು, ನುಣಪ ಮಾಡಬಾರದು ಅಂತ ಆಣಿ ಹಾಕೇನಿ. ಬರದ ಮ್ಯಾಲೆ ಯಲ್ಲಪ್ಪನ ಮಗಳ ಕಡಿಂದ ಓದಿಸಿ ಕೇಳ್ತೇನಿ, ಹಂಗಾಗಿ ಮೋಸ ನಡಿಯೂದಿಲ್ಲ.

ಈ ಸಲ ಸಂಕ್ರಾಂತಿ, ಅಮಾಸಿ ಒಂದ ದಿವಸ ಬಂದ್ವು. ಎಳ್ಳು ಬೆಲ್ಲ ಯಾರಿಗೂ ರುಚಿ ಹತ್ತಲಿಲ್ಲ. ಚನಬಸಪ್ಪನ್ನ ಯಾಕ ಬಿಡಿಸಿದ್ರಿ ಬೀಗರ? ಜನಾ ಮಾತಾಡತಾರ ಅಂತೀರಿ. ಖರೇನ, ಮಾತಾಡ್ಯಾರ. ನಾನೂ ನಮ್ಮ ಕಟ್ಟಿ ಮ್ಯಾಲೆ ಕುಂತು ಮಾತಾಡೇನಿ. ಮಾತಾಡೂವಂಥಾದ್ದು ಇತ್ತು, ಅದಕ್ಕ ಮಾತಾಡಿದ್ವಿ.

ಅಂವ ಬಂದು ಗಾಡಿ ಒರಸಾಂವ. ಒರಸಿದ್ದನ್ನ ಮತ್ತ ಒರಸಾಂವ. ಅಷ್ಟ ಒರಸಿದರ ನಮ್ಮ ಎಮ್ಮಿ ಸುದ್ದಾ ಬೆಳ್ಳಗ ಆಗತಿತ್ತು. ನಿಮ್ಮ ಮಗಳು ಚಹಾ ಮಾಡಾಕಿ. ನಮ್ಮ ಮನ್ಯಾಗ ಎಲ್ಲಾರಿಗೂ ಬೆಲ್ಲದ ಚಹಾ, ಅವಂಗೊಬ್ಬಂಗ ಸಕ್ಕರಿದು. (ಇದನ್ನು ಬರೆಯಲಾರೆ ಎಂದೆ. ಬರೆ ಎಂದರು. – ಕಾಶೆವ್ವ.)

ಶೇಖಪ್ಪನ್ನ ಹಡದಾಕಿ ನಾನು. ಅವನ್ನ ಮರೀರಿ ಅಂತ ನಾ ಯಾರಿಗೂ ಹೇಳೂದಿಲ್ಲ. ಆದರ ಈ ಹುಡುಗಿ ಕ್ಯಾಲೆಂಡರದಾಗ ಅಮಾಸಿ ನೋಡ್ಕೋತ ಕುಂದರೂದನ್ನ ನಾ ನೋಡ್ಕೋತ ಕುಂದರಲಾರೆ. ನನಗ ದೊಡ್ಡ ಮಗ ಅದಾನ, ಸೊಸಿ ಅದಾಳ, ಮೊಮ್ಮಕ್ಕಳು ಅದಾವ, ನನ್ನ ಚಿಂತಿ ಬ್ಯಾಡ. ಇಕಿಗೆ ಉಡಕಿ ಮಾಡೂಣು. ಕಲಘಟಗಿ ಅಂಗಡ್ಯಾಂವಗ ಅಲ್ಲ. ನಿಮ್ಮ ಕಣ್ಣಿಗೆ ಹುಬ್ಬಳ್ಳಿಯೊಳಗ ಕನ್ನಡಕ ಮಾಡಿಸ್ಯಾರ ಅಂತ ಕೇಳಿದ್ನಿ. ಅದನ್ನ ಹಾಕ್ಕೊಂಡು ಇದನ್ನ ಇನ್ನೊಮ್ಮೆ ಓದ್ರಿ.

ಗುರುಸಿದ್ದವ್ವ

(ದೊಡ್ಡಪ್ಪ, ಅತ್ತೆಯವರು ಹೇಳಿದ್ದರಲ್ಲಿ ಸುಳ್ಳಿಲ್ಲ. – ಕಾಶೆವ್ವ)

*

ಹಳಿಯಾಳ
ತಾ. 5-2-1964

ಚಿರಂಜೀವಿ ಕಾಶೆವ್ವಳಿಗೆ ಆಶೀರ್ವಾದ.

ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದೆ. ಬೀಗತಿಗೆ ತಿಳಿಸು. ಮಹಾದೇವಕ್ಕ ಮೂರು ದಿನದಿಂದ ನನ್ನ ಮುಖ ನೋಡಿದಾಗಲೆಲ್ಲ ನಗುತ್ತಿದ್ದಾಳೆ, ತನಗೆ ಬಿಳಿ ಅಂಗಿಯ ಸಾಲು ಓದಿದಾಗಲೇ ಗೊತ್ತಾಗಿತ್ತಂತೆ. ಹೇಳಬಾರದಿತ್ತೇ ಎಂದರೆ, ನೀವು ಕೇಳಲಿಲ್ಲ ಎನ್ನುತ್ತಾಳೆ.

ನಗುವ ಮಾತು ಇಲ್ಲಿಗೆ ಮುಗಿಯಿತು.

ಗಿರಣಿಗೆ ಹೋದೆ. ಚನಬಸಪ್ಪ ಕಲ್ಲು ಕೆಳಗಿಳಿಸಿ ಉಳಿಯಿಂದ ಕಚ್ಚು ಹಾಕುತ್ತಿದ್ದ. ಕಾಶೆವ್ವನ ಮೇಲೆ ಮನಸ್ಸಿದೆಯೇನಪ್ಪ ಎಂದು ನೇರ ಕೇಳಿದೆ. ಉಳಿ ಹೊಡೆಯುತ್ತಲೇ ಹೇಳಿದ:

“ಐತ್ರಿ ಕಾಕಾ. ಐತಿ ಅಂತನ ನೀವು ಬ್ಯಾಡ ಅಂದಕೂಡ್ಲೆ ಹೋಗೂದು ಬಿಟ್ನಿ.”

ಮತ್ತೆ ತೊಂದರೆ ಏನು, ಆ ಮನೆಯ ಹಿರಿಯಳೇ ಒಪ್ಪಿದ್ದಾಳೆ ಎಂದೆ. ಅವನು ಉಳಿ ಕೆಳಗಿಟ್ಟ.

“ಶೇಖಪ್ಪ ನಿಂತಾನ. ಹೋಗು ಅನ್ನಾಕ ಅಂವ ಇಲ್ಲ. ಓಟದಾಗ ಅವನ್ನ ದಾಟದಾಂವ ಬಾಳೇದಾಗ ಹೆಂಗ ದಾಟ್ಲಿ?”

ನಾನು ಹಿರಿಯ, ನಾನೇ ಅಪ್ಪಣೆ ಕೊಡುತ್ತೇನೆ, ಹೋಗು ಎಂದೆ. “ನಿಮ್ಮ ಗಾಡಿ ನಿಂತಿರಲಿಲ್ಲಲ್ರೀ” ಎಂದ. ಯುಗಾದಿ ಮುಗಿದ ಮೇಲೆ ಗಿರಣಿ ಮಾರಿ ಗೋವೆಯ ಕಡೆ ಹೋಗುತ್ತಾನಂತೆ. ಆ ಸೀಮೆ ಈಗ ತೆರೆದಿದೆ, ಗಣಿಯ ಲಾರಿಗಳಿಗೆ ಕೈ ತಿಳಿದವರು ಬೇಕಂತೆ. ಗಿರಾಕಿಯನ್ನೂ ನೋಡಿಟ್ಟಿದ್ದಾನೆ.

ದಾರಿ ಹುಡುಕುತ್ತ ಠಾಕಪ್ಪನ ಮನೆಗೆ ಹೋದೆ. ಈ ನಿಯಮವನ್ನು ಮೊದಲು ಮಾಡಿದವರು ಯಾರು, ಅದರಲ್ಲಿ ಎಲ್ಲಿಯಾದರೂ ಸಡಿಲಿಕೆ ಇದೆಯೇ ಎಂದು ಕೇಳಲು. ಒಳಗಿನಿಂದ ಅವನ ಹೆಂಡತಿ ರೂಪಿಬಾಯಿ, ನಾನೇ ಎಂದಳು. ನನಗೆ ಅದು ಗೊತ್ತೇ ಇರಲಿಲ್ಲ. ಮೊದಲ ವರ್ಷದ ಓಟದಲ್ಲಿ ನಾನು ಓಡಿಸಿರಲಿಲ್ಲ, ಇವರು ಮೂವರೇ ಇದ್ದರು. ದಾಂಡೇಲಿಯ ಆಚೆ ಅಡವಿಯಲ್ಲಿ ಠಾಕಪ್ಪನ ಚೈನು ಹರಿಯಿತು. ಉಳಿದಿಬ್ಬರು ಓಟದ ಹುರುಪಿನಲ್ಲಿ ಕೈ ಬೀಸಿ ದಾಟಿ ಬಂದು, ಇಲ್ಲಿ ನನ್ನ ಗ್ಯಾರೇಜಿನಲ್ಲಿ ಯಾರು ಮೊದಲು ಎಂದು ಜಗಳಾಡುತ್ತ ಚಹಾ ಕುಡಿಯುತ್ತಿದ್ದಾಗ ರೂಪಿಬಾಯಿ ಬಂದು, ಮೂರನೆಯವನು ಎಲ್ಲಿ ಎಂದು ಕೇಳಿದಳು. ಹುಡುಕಿಕೊಂಡು ಹೋದರೆ ಠಾಕಪ್ಪ ಮತ್ತಿಮರದ ಮೇಲೆ. ಕೆಳಗೆ ಕಾಡುಕೋಣಗಳ ಹಿಂಡು. ಧೈರ್ಯಕ್ಕೆಂದು ತನಗೆ ಬರುವ ಅಭಂಗಗಳನ್ನೆಲ್ಲ ಹಾಡಿ ಮುಗಿಸಿ, ಬಾರದವನ್ನೂ ಹಾಡುತ್ತಿದ್ದನಂತೆ. ಮರುದಿನ ರೂಪಿಬಾಯಿ ಆ ಮೂವರನ್ನೂ ಅಂಗಳದಲ್ಲಿ ನಿಲ್ಲಿಸಿ ಮಾಡಿದ ಕಟ್ಟಳೆ ಇದು.

“ರಸ್ತ್ಯಾದಾಗ ಒಂಟಿ ನಿಂತವರನ್ನ ಬಿಟ್ಟು ಬರಬ್ಯಾಡ್ರಿ, ಅಷ್ಟ ನಾ ಹೇಳಿದ್ದು” ಎಂದಳು. “ಹೋಗು ಅನ್ನೂದು, ಅಪ್ಪಣೀ ಕೊಡೂದು, ಅದೆಲ್ಲಾ ಆಮ್ಯಾಲೆ ನೀವ ಗಂಡಸರು ಹಚ್ಚಿದ್ದು.”

ಇದರಿಂದಲೂ ನಮಗೆ ಹಾದಿ ಸಿಗಲಿಲ್ಲ. ಒತ್ತಾಯ ಮಾಡಿದರೆ ನನ್ನ ಮಾತಿಗೆ ಬೆಲೆ ಕೊಟ್ಟು ಒಪ್ಪಿಯಾನು. ಆದರೆ ಹಿಂದಕ್ಕೆ ನೋಡುತ್ತ ಗಾಡಿ ಹೊಡೆಯುವವನ ಬೆನ್ನಿಗೆ ನಿನ್ನನ್ನು ಕೂಡಿಸಲಾರೆ. ಏನು ಮಾಡಬೇಕೆಂದು ತಿಳಿಯದೆ ಇದ್ದದ್ದನ್ನು ಇದ್ದಂತೆ ಬರೆದಿದ್ದೇನೆ. ಮನಸ್ಸು ಗಟ್ಟಿ ಮಾಡಿಕೋ ಮಗಳೇ.

ನಿನ್ನ ದೊಡ್ಡಪ್ಪ,
ನಾಗಲಿಂಗಪ್ಪ

*

ಚಿಗಳ್ಳಿ
ತಾ. 22-2-1964

ತೀರ್ಥರೂಪ ದೊಡ್ಡಪ್ಪನವರಿಗೆ ಶರಣಾರ್ಥಿ.

ನಿಮ್ಮ ಕಾಗದವನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಅವನು ಖರೇನೇ ನನ್ನ ಮಗನ ಗೆಳೆಯ ಎಂದರು. ಆಮೇಲೆ ನಾನು ಒಬ್ಬಳೇ ಕೂತು ಇನ್ನೂ ಹಲವು ಸಲ ಓದಿದೆ. ರೂಪಿಬಾಯಿಯವರ ಮಾತಿನಿಂದ ಹಾದಿ ಸಿಗಲಿಲ್ಲ ಎಂದು ಬರೆದಿದ್ದೀರಿ. ನನಗೆ ಸಿಕ್ಕಿತು. ಇನ್ನು ಮುಂದಿನದು ನಿಮಗೆ ಬರೆದದ್ದಲ್ಲ. ಚನಬಸಪ್ಪನವರಿಗೆ ಓದಿ ಹೇಳಬೇಕು.

ನಮ್ಮ ಮನೆಯವರು ಆ ಏರಿನಲ್ಲಿ ಒಂಟಿಯಾಗಿ ನಿಲ್ಲಲಿಲ್ಲ. ಹಿಂದಿನವರು ಬಂದರು, ನಿಂತರು, ಬೆನ್ನಿಗೆ ಕಟ್ಟಿಕೊಂಡು ಮನೆ ಮುಟ್ಟಿಸಿದರು. ಹುಬ್ಬಳ್ಳಿಯಲ್ಲಿ ತಲೆಯ ಕಡೆ ಅತ್ತೆ ಇದ್ದರು, ಕಾಲಿನ ಕಡೆ ನಾನಿದ್ದೆ, ಬಾಗಿಲಲ್ಲಿ ನೀವು ಮೂವರೂ ಇದ್ದಿರಿ. ಕಡೆಯ ಉಸಿರಿನವರೆಗೂ ಅವರನ್ನು ಯಾರೂ ದಾಟಿ ಹೋಗಲಿಲ್ಲ. ನಿಯಮ ಅಲ್ಲಿಗೆ ಪೂರಾ ನಡೆಯಿತು. ಅವರಿಗೆ ಸಲ್ಲಬೇಕಾದದ್ದು ಏನೂ ಬಾಕಿ ಉಳಿದಿಲ್ಲ.

ಅಂದಿನಿಂದ ರಸ್ತೆಯಲ್ಲಿ ಒಂಟಿಯಾಗಿ ನಿಂತವಳು ನಾನು. ಅಮಾವಾಸ್ಯೆಗೊಮ್ಮೆ ಬಂದು, ಗಾಡಿಯನ್ನು ನೋಡಿ, ನನ್ನನ್ನು ದಾಟಿ ಹೋಗುತ್ತಿದ್ದರು. ಈಗ ಗೋವೆಗೆ ಹೋಗುತ್ತಾರಂತೆ. ಹೋಗುವವರು ನಿಂತವರನ್ನು ಕೇಳಿ ಹೋಗಬೇಕಲ್ಲ. ನಾನು ಅವರಿಗೆ ಹೋಗು ಎಂದಿಲ್ಲ.

ನಿಮ್ಮ ಮಗಳು,
ಕಾಶೆವ್ವ

*

ಹಳಿಯಾಳ
ತಾ. 2-3-1964

ಚಿರಂಜೀವಿ ಕಾಶೆವ್ವಳಿಗೆ ಆಶೀರ್ವಾದ.

ನಿನ್ನ ಕಾಗದ ಬಂದಾಗ ಊಟಕ್ಕೆ ಕೂತಿದ್ದೆ. ಕೈ ತೊಳೆದು ನೇರ ಗಿರಣಿಗೆ ಹೋದೆ. ಅಲ್ಲಿ ಹೆಂಗಸರ ಸಾಲು ರಸ್ತೆಯವರೆಗಿತ್ತು. ಒಳಗೆ ಎಣ್ಣೆ ಎಂಜಿನ್ನಿನ ಸಪ್ಪಳ, ಪಟ್ಟಿಯ ಬಡಿತ. ಚನಬಸಪ್ಪ, ಹೊರಗೆ ಬಾ, ಒಂದು ಓದಬೇಕು ಎಂದೆ. ಇಲ್ಲೇ ಓದಿರಿ, ಕಾಳು ಸುರಿದಿದ್ದೇನೆ, ಬಿಟ್ಟು ಬರಲು ಆಗದು ಎಂದು ಕೈಸನ್ನೆ ಮಾಡಿದ. ಸರಿ, ಅವನ ಕಿವಿಯ ಹತ್ತಿರ ನಿಂತು ಓದಿದೆ. ಕೇಳಲಿಲ್ಲ ಎಂದ. ದನಿ ಏರಿಸಿದೆ. ಮತ್ತೂ ಕೇಳಲಿಲ್ಲ ಎಂದ. ಕಡೆಗೆ ಎಮ್ಮೆ ಕಾಯುವವನಂತೆ ಕೂಗಿ ಓದುತ್ತಿದ್ದೆ.

ಅವನಿಗೆ ಯಾವ ಸಾಲಿನಿಂದ ಕೇಳಿಸಿತೋ ತಿಳಿಯದು. ರಸ್ತೆಯಲ್ಲಿ ಒಂಟಿಯಾಗಿ ನಿಂತವಳು ನಾನು ಎಂಬಲ್ಲಿಗೆ ಬಂದಾಗ ಅವನ ಕೈ ಕಾಳಿನ ಬುಟ್ಟಿಯ ಮೇಲೆ ಹಾಗೇ ನಿಂತಿತು. ಹೋಗಿ ಎಂಜಿನ್ ಬಂದ್ ಮಾಡಿದ. ನಾನು ಕಾಗದ ನೋಡುತ್ತಿದ್ದವನು, ಗಮನಿಸಲಿಲ್ಲ. ನಿನ್ನ ಕಡೆಯ ಮಾತು, ನಾನು ಅವರಿಗೆ ಹೋಗು ಎಂದಿಲ್ಲ ಎಂಬುದು, ಆ ಸದ್ದಿಲ್ಲದ ಗಿರಣಿಯಲ್ಲಿ ನನ್ನ ಪೂರ್ತಿ ದನಿಯಲ್ಲಿ ಬಿತ್ತು. ರಸ್ತೆಯ ಆಚೆಗಿನ ಹೋಟೆಲಿನವರೂ ಹಣಿಕಿ ನೋಡಿದರು. ನಿನ್ನ ಗುಟ್ಟು ಈಗ ಹಳಿಯಾಳದ ಗುಟ್ಟು, ಅದಕ್ಕೆ ನನ್ನನ್ನು ಬೈಯಬೇಡ.

ಸಾಲಿನಲ್ಲಿ ಮುಂದಿದ್ದವಳು ಹೊಳೆವ್ವ, ನಮ್ಮ ಓಣಿಯ ಮುದುಕಿ, ನಿನಗೆ ಗೊತ್ತು, ಕಿವಿ ಅಷ್ಟಕ್ಕಷ್ಟೇ. ಅವಳು ಬುಟ್ಟಿ ಕೆಳಗಿಟ್ಟು ಕೇಳಿದಳು:

“ಕೇಳ್ಸಿತಿಲ್ಲೋ ತಮ್ಮಾ? ನನಗ ಸುದ್ದಾ ಕೇಳ್ಸಿತು. ನನ್ನ ಜ್ವಾಳ ನಾಳೆ ಬೀಸಿದರಾತು.”

ಚನಬಸಪ್ಪ ಕಾಗದ ಕೇಳಿದ, ಕೊಟ್ಟೆ. ತಾನೇ ಮೊದಲಿನಿಂದ ಓದಿದ. ಅವನ ತುಟಿಗಳು ಅಲುಗುತ್ತಿದ್ದವು. ಆಮೇಲೆ ಅದನ್ನು ಮಡಚಿ ಒಳಗಿಸೆಗೆ ಹಾಕಿಕೊಂಡು, ನನ್ನ ಕಾಗದ ಎಂದು ನಾನು ಹೇಳುವಷ್ಟರಲ್ಲಿ ಹೊರಗಿದ್ದ. ಹುಬ್ಬು ಮೀಸೆಗಳಲ್ಲೆಲ್ಲ ಹಿಟ್ಟು. ಮುಖ ತೊಳೆದುಕೋ ಎಂದು ಹಿಂದಿನಿಂದ ಕೂಗಿದೆ, ಗಾಡಿಯ ಸಪ್ಪಳದಲ್ಲಿ ಅದೂ ಕೇಳಿಸಲಿಲ್ಲ. ಗಿರಣಿಯ ಬಾಗಿಲು ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿ, ಹೆಂಗಸರಿಗೆಲ್ಲ ನಾನೇ ಸಮಾಧಾನ ಹೇಳಿ ಕಳಿಸಿದೆ.

ಇದು ನಿನಗೆ ಮುಟ್ಟುವ ಮೊದಲೇ ಅವನು ಮುಟ್ಟಿರುತ್ತಾನೆ. ಆದರೂ ಬರೆದೆ, ನಿನ್ನ ಕಾಗದ ಓದಿದ್ದು ನಾನು ಎಂದು ನಿನಗೆ ತಿಳಿದಿರಲಿ ಎಂದು.

ನಿನ್ನ ದೊಡ್ಡಪ್ಪ,
ನಾಗಲಿಂಗಪ್ಪ

*

ಚಿಗಳ್ಳಿ
ತಾ. 9-3-1964

ತೀರ್ಥರೂಪ ದೊಡ್ಡಪ್ಪನವರಿಗೆ, ದೊಡ್ಡವ್ವನಿಗೆ ಶರಣಾರ್ಥಿ.

ನಿಮ್ಮ ಕಾಗದಕ್ಕಿಂತ ಮೂರು ದಿನ ಮೊದಲೇ ಅವರು ಬಂದರು. ಹೊತ್ತು ಇನ್ನೂ ಇಳಿದಿರಲಿಲ್ಲ. ಹಿಟ್ಟು ಬೆವರಿಗೆ ಕಲಸಿ ಮುಖದ ಮೇಲೆ ಒಣಗಿತ್ತು. ಮಕ್ಕಳು ಹೆದರಿ ಒಳಗೆ ಓಡಿದವು. ಕೊಟ್ಟಿಗೆಯ ಕಡೆ ನೋಡದೆ ನೇರ ಕಟ್ಟೆಯ ಮುಂದೆ ಬಂದು ನಿಂತರು.

“ನಿಂತವರು ಯಾರು ಅನ್ನೂದ ನನಗ ಇಷ್ಟ ದಿವಸ ಕಾಣಲಿಲ್ಲ” ಎಂದರು.

ಈಗ ಕಂಡಿತಲ್ಲ, ಕೂಡ್ರಿರಿ ಎಂದೆ. ಅಷ್ಟೇ ಮಾತು. ಅತ್ತೆಯವರು ತಂಬಿಗೆ ನೀರು ತಂದು, ಮೊದಲು ಮುಖ ತೊಳಿಯಪ್ಪ, ನನ್ನ ಸೊಸೆ ಯಾರಿಗೆ ಹೂಂ ಅಂದಳೋ ನೋಡಬೇಕು ಎಂದರು.

ಉಡಕಿಯನ್ನು ಕತ್ತಲಾದ ಮೇಲೆ, ನಾಲ್ಕು ಮಂದಿಯ ಕಣ್ಣಿಗೆ ಬೀಳದಂತೆ ಹಿತ್ತಲಲ್ಲಿ ಮುಗಿಸುವುದು ಇಲ್ಲಿಯ ಪದ್ಧತಿ. ಭಾವನವರೂ ಹಾಗೇ ಆಗಲಿ ಎಂದರು. ಅತ್ತೆ ಒಪ್ಪಲಿಲ್ಲ. ನಾವೇನು ಕಳವು ಮಾಡುತ್ತಿಲ್ಲ, ಹಾಡೇ ಹಗಲು, ನನ್ನ ಪಡಸಾಲೆಯಲ್ಲೇ ಆಗಬೇಕು, ಸೀರೆಯನ್ನು ನಾನೇ ಉಡಿಸುತ್ತೇನೆ ಎಂದಿದ್ದಾರೆ. ಯುಗಾದಿಯ ಮರುವಾರದಲ್ಲಿ. ನೀವಿಬ್ಬರೂ, ಠಾಕಪ್ಪ ಕಾಕಾ, ರೂಪಿಬಾಯಿಯವರು ಬೆಳಿಗ್ಗೆಯೇ ಬರಬೇಕು. ಗಿರಣಿ ಮಾರುವುದಿಲ್ಲ. ಮುಂದೆ ಹಳಿಯಾಳದಲ್ಲೇ ಇರುವುದು.

ಹೊರಡುವಾಗ ಅವರು, ಶೇಖಪ್ಪನ ಗಾಡಿಯನ್ನು ಏನು ಮಾಡೋಣ, ಹಳಿಯಾಳಕ್ಕೆ ಒಯ್ಯೋಣವೇ ಎಂದು ಅತ್ತೆಯವರನ್ನು ಕೇಳಿದರು. ಅತ್ತೆ ಕೊಟ್ಟಿಗೆಗೆ ಹೋಗಿ ಗಾಡಿಯ ಸೀಟಿನ ಮೇಲೆ ಕೈಯಿಟ್ಟು ನಿಂತರು.

“ಇದನ್ನ ಒಯ್ಯಬ್ಯಾಡ್ರಿ. ನನ್ನ ಮಗಂದು, ನನ್ನ ಹಂತ್ಯಾಕ ಇರ್ಲಿ. ತುಕ್ಕ ಹಿಡೀಬಾರದಲ್ಲ, ಅಮಾಸಿಗೊಮ್ಮೆ ಇಬ್ಬರೂ ಬಂದು ಚಾಲೂ ಮಾಡಿ ಹೋಗ್ರಿ.”

“ಬರ್ತೇವವ್ವಾ” ಎಂದರು.

ಅತ್ತೆ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನೂ ಒಳಗೆ ಹೋಗಿ ಅವರ ಮಗ್ಗುಲಿಗೆ ಕೂತೆ. ನಾವು ಎದ್ದು ಬರುವವರೆಗೂ ಅವರು ಅಂಗಳದಲ್ಲಿ ತಮ್ಮ ಗಾಡಿಯನ್ನು ಚಾಲೂ ಮಾಡದೆ ನಿಂತಿದ್ದರು.

ನಿಮ್ಮ ಮಗಳು,
ಕಾಶೆವ್ವ